ಮುಚ್ಚಳದ ಮೇಲೆ ಕೂತ ಮಾಸ್ತರರು

ಮೊನ್ನೆ ವಡಾಲ ಸ್ಟೇಷನ್ನಿನ ಹೊರಗೆ ನಿಂತಿದ್ದಾಗ ಈ ವರ್ಷದ ಮೊದಲ ಮಳೆ ಹನಿಯಿತು. ಮೆಕ್ಕೆಜೋಳದ ತೆನೆ ಸುಡುವ ಭಯ್ಯಾ ಗಡಿಬಿಡಿಯಿಂದ ಒಂದು ಒದ್ದೆ ಗೋಣಿಚೀಲವನ್ನು ತನ್ನ ಇದ್ದಿಲೊಲೆಯ ಮೇಲೆಳೆದು, ಗಾಡಿಯನ್ನು ಮೇಲ್ಸೇತುವೆಯ ಕೆಳಕ್ಕೆ ತಳ್ಳಿಕೊಂಡು ಹೋದ. ಗೋಣಿಯ ನೇಯ್ಗೆಯೊಳಗಿಂದ ಬಿಳಿ ಹಬೆ ಎದ್ದಿತು. ಅದರ ಜೊತೆಗೆ ಆ ವಾಸನೆ... ಅರ್ಧ ಒದ್ದೆ, ಅರ್ಧ ಸುಟ್ಟದ್ದು, ನಡುವೆ ಎಲ್ಲೋ ಸ್ವಲ್ಪ ಎಣ್ಣೆಯದು. ಜನ ಕೊಡೆ ಬಿಚ್ಚಿಕೊಂಡು ಪ್ಲಾಟ್‌ಫಾರ್ಮಿನತ್ತ ಓಡುತ್ತಿದ್ದರು. ನಾನು ಆ ಗಾಡಿಯ ಹಿಂದೆ ಹೋಗಿ, ತೆನೆ ಬೇಕೇ ಎಂದು ಭಯ್ಯಾ ಕೇಳಿದಾಗ ಬೇಡವೆಂದು ತಲೆಯಾಡಿಸಿ, ಸುಮ್ಮನೆ ಅಲ್ಲೇ ನಿಂತುಕೊಂಡೆ.

ಆ ವಾಸನೆ ನನ್ನ ಮಟ್ಟಿಗೆ ಒಬ್ಬ ಹಿರಿಯರದು. ಸಣ್ಣ ಬೋಟುಗಳಲ್ಲಿ ದುಡಿಯುವ ನಮ್ಮಂಥವರಿಗೆ ಬೆಂಕಿ ಆರಿಸುವುದನ್ನು ಕಲಿಸಿದವರು. ಮೊದಲ ದಿನ ನನ್ನ ದಿನಚರಿಯಲ್ಲಿ ಅವರ ಪೂರ್ತಿ ಹೆಸರು ಬರೆದುಕೊಂಡಿದ್ದೆ. ಆಮೇಲೆ ಅದನ್ನು ಬಳಸಲೇ ಇಲ್ಲ. ನಮಗೆ ಅವರು ಮಾಸ್ತರರು. ಬೋಟು ಕಟ್ಟುವ ಧಕ್ಕೆಯ ಮೇಲಿನ ಉಳಿದವರಿಗೆ ‘ಬಂಬ್‌ವಾಲೆ ಮಾಸ್ತರ್’. ಬೆಂಕಿ ಆರಿಸುವ ಕೆಂಪು ಗಾಡಿಗೆ ಮುಂಬಯಿಯಲ್ಲಿ ಬಂಬ್ ಎನ್ನುತ್ತಾರೆ. ಮಾಸ್ತರರು ಆ ಬಂಬಿನ ಮೇಲೆಯೇ ಹರೆಯ ಕಳೆದು ನಿವೃತ್ತರಾದವರು.

ಆಗ ನನಗೆ ಇಪ್ಪತ್ತೊಂದು. ನಮ್ಮದು ಮೈಸೂರಿನ ಕಡೆಯ ಮನೆತನ. ತಂದೆ ಬಂದರಿನ ಆಫೀಸೊಂದರಲ್ಲಿ ಗುಮಾಸ್ತರು, ವಡಾಲದ ಕಾಲೊನಿಯಲ್ಲಿ ಮನೆ. ನಾನು ಡಿಪ್ಲೊಮಾ ಅರ್ಧಕ್ಕೆ ಬಿಟ್ಟು, ತಂದೆಯ ಮುಖ ಸಣ್ಣದಾಗುವುದನ್ನು ನೋಡಲಾರದೆ, ಸಿಕ್ಕಿದ ಮೊದಲ ಕೆಲಸಕ್ಕೆ ಸೇರಿದ್ದೆ. ಭಾವೂಚಾ ಧಕ್ಕಾದಿಂದ, ನಡುನೀರಿನಲ್ಲಿ ಲಂಗರು ಹಾಕಿ ನಿಂತ ಹಡಗುಗಳಿಗೆ ಕೂಲಿಗಳನ್ನೂ ತರಕಾರಿ ಮೂಟೆಗಳನ್ನೂ ಒಯ್ಯುವ ಒಂದು ಲಾಂಚಿನಲ್ಲಿ ಎಣ್ಣೆ ಬಿಡುವವನ ಕೆಲಸ ಅದು. ನಮ್ಮ ಲಾಂಚಿನಲ್ಲಿ ನಾವು ಮೂವರೇ. ಬೋಟಿನ ಯಜಮಾನಿಕೆ ನಡೆಸುವ ಟಾಂಡೇಲ್ ಮರಾಠಿ ಮಾತಿನವನು. ಎಂಜಿನ್ ನೋಡಿಕೊಳ್ಳುವ ಡ್ರೈವರು ಉಡುಪಿಯ ಕಡೆಯವರು. ಅವರನ್ನು ನಾನು ಡ್ರೈವರಣ್ಣ ಎನ್ನುತ್ತಿದ್ದೆ. ಮೂರನೆಯವನು ನಾನು. ಪ್ರತಿ ಖೇಪಿಗೆ ಎಷ್ಟು ಜನ ಹತ್ತಿದರು ಎಂದು ತಲೆ ಎಣಿಸುವುದು ನನ್ನ ಪಾಲಿಗೆ ಬಂದಿತ್ತು. ಮೊದಲೇ ದಿನಚರಿಯ ಹುಚ್ಚು. ಉಬ್ಬರ ಎಷ್ಟು ಹೊತ್ತಿಗೆ, ಖೇಪು ಎಷ್ಟು, ತಲೆ ಎಷ್ಟು ಎಂದು ಎಲ್ಲವನ್ನೂ ಬರೆದಿಡುತ್ತಿದ್ದೆ. ಟಾಂಡೇಲ್ ನಗುತ್ತಿದ್ದ.

ಆ ವರ್ಷ ಲಾಂಚ್ ಮಾಲೀಕರೆಲ್ಲ ಸೇರಿ ಒಂದು ನಿಯಮ ಮಾಡಿದರು. ಪ್ರತಿ ಬೋಟಿನವರೂ ನಾಲ್ಕು ಮಂಗಳವಾರ ಮಾಸ್ತರರ ಹತ್ತಿರ ಕಲಿಯಬೇಕು. ಅವರು ಸೈ ಎಂದರೆ ಮಾತ್ರ ಬೋಟು ಹತ್ತಬಹುದು. ಈ ನಿಯಮದ ಹಿಂದೆ ಒಂದು ಸಂಗತಿ ಇತ್ತು. ಮಾಸ್ತರರು ಅದನ್ನು ಎಂದೂ ಆಡಲಿಲ್ಲ. ನಮಗೆ ಹೇಳಿದವನು ಟಾಂಡೇಲ್.

ಕೆಲವು ವರ್ಷಗಳ ಹಿಂದೆ ಧಕ್ಕೆಗೆ ಕಾಣುವಷ್ಟೇ ದೂರದಲ್ಲಿ ಒಂದು ಲಾಂಚಿನ ಎಂಜಿನ್ ಕೋಣೆಗೆ ಬೆಂಕಿ ಬಿದ್ದಿತ್ತು. ಬೋಟಿನವರು ಮೊದಲು ಸರಿಯಾಗಿಯೇ ಕೋಣೆಯ ಬಾಯಿಗೆ ಹಲಗೆಯ ಮುಚ್ಚಳ ಮುಚ್ಚಿದ್ದರಂತೆ. ಬೆಂಕಿ ಹೋಯಿತೋ ಇಲ್ಲವೋ ನೋಡೋಣವೆಂದು ಯಾರೋ ಅದನ್ನು ಎತ್ತಿದ. ಒಳಗೆ ಗಾಳಿ ನುಗ್ಗಿತು, ಬೆಂಕಿ ಎದ್ದಿತು, ಹೆದರಿ ಬಕೆಟ್ಟಿನಿಂದ ಸಮುದ್ರದ ನೀರು ಸುರಿದರು, ಉರಿಯುವ ಡೀಸೆಲ್ಲು ನೀರಿನ ಮೇಲೆ ತೇಲಿ ಬೋಟಿನ ತುಂಬ ಹರಡಿತು. ಬಂಬುಗಳು ಹೊತ್ತಿಗೆ ಸರಿಯಾಗಿ ಬಂದಿದ್ದವು. ಧಕ್ಕೆಯ ತುತ್ತತುದಿಗೆ ನಿಂತು ಪೈಪು ಬಿಟ್ಟರು. ನೀರು ಹೋಗಿ ಬೋಟಿನ ಈಚೆಗೆ, ಸ್ವಲ್ಪವೇ ಈಚೆಗೆ ಬಿದ್ದಿತು. ಅಷ್ಟು ದೂರಕ್ಕೆ ಅದು ಮುಟ್ಟಲೇ ಇಲ್ಲ. ಆ ಪೈಪಿನ ಮೂತಿ ಹಿಡಿದು ನಿಂತಿದ್ದವರು ನಮ್ಮ ಮಾಸ್ತರರು. ನಿವೃತ್ತರಾದ ಮೇಲೆ ಅವರೇ ಮಾಲೀಕರ ಬಾಗಿಲು ಬಾಗಿಲಿಗೆ ಹೋಗಿ ಈ ಕ್ಲಾಸು ಕೇಳಿ ಪಡೆದರಂತೆ. ಇನ್ನೊಂದು ಬೋಟಿನಲ್ಲಿ ಇನ್ನೊಬ್ಬ ಮುಚ್ಚಳ ತೆಗೆಯಬಾರದು... ಅವರಿಗೆ ಬೇಕಾಗಿದ್ದದ್ದು ಅಷ್ಟೇ.

ವಡಾಲದ ಆಚೆ, ಉಪ್ಪಿನ ಗದ್ದೆಗಳು ಮುಗಿದು ಕೆಸರು ಶುರುವಾಗುವಲ್ಲಿ ಒಂದು ಹಳೆಯ ಲಾಂಚಿನ ಒಡಲನ್ನು ದಂಡೆಗೆ ಎಳೆದಿಟ್ಟಿದ್ದರು. ಅದೇ ನಮ್ಮ ಶಾಲೆ. ಮಾಸ್ತರರು ಎತ್ತರದ ಆಳು. ಖಾಕಿ ಪ್ಯಾಂಟು, ಬಿಳಿ ಅಂಗಿ, ಬೆಲ್ಟಿಗೆ ಉಜ್ಜಿ ಹೊಳಪಿಸಿದ ಹಿತ್ತಾಳೆಯ ಬಕ್ಕಲು. ಜೇಬಿನಲ್ಲಿ ಮೀಸೆಗೆಂದೇ ಒಂದು ಪುಟ್ಟ ಬಾಚಣಿಗೆ. ಆ ಮೀಸೆಯ ಬಗ್ಗೆ ಅವರಿಗೆ ಇದ್ದ ಜಂಬ ಅಷ್ಟಿಷ್ಟಲ್ಲ. ಗದಗಿನ ಕಡೆಯ ಮಾತು. ಕ್ಲಾಸಿನಲ್ಲಿ ಹಿಂದಿ ಆಡುತ್ತಿದ್ದರು, ಸಿಟ್ಟು ಬಂದರೆ ಕನ್ನಡಕ್ಕೆ ಇಳಿಯುತ್ತಿದ್ದರು. ನನ್ನ ಮಾತಿನ ಧಾಟಿ ಕೇಳಿದ ಮೊದಲ ದಿನವೇ ನನಗೆ ‘ಮೈಸೂರಪ್ಪ’ ಎಂದು ಹೆಸರಿಟ್ಟರು.

ಇಷ್ಟು ಧೀರರಿಗೆ ನೀರೆಂದರೆ ಭಯ. ಈಜು ಬರುತ್ತಿರಲಿಲ್ಲ. ತೇಲುವ ಬೋಟಿನ ಮೇಲೆ ಅವರು ಎಂದೂ ಕಾಲಿಟ್ಟಿರಲಿಲ್ಲ. ಉಬ್ಬರದ ಹೊತ್ತಿಗೆ ನೀರು ಕೆಸರಿನ ಮೇಲೆ ಸರಿಯುತ್ತ ಆ ಹಳೆಯ ಒಡಲಿನ ಬುಡಕ್ಕೆ ಬಂದರೆ, ಆಡುತ್ತಿದ್ದ ಮಾತು ನಿಲ್ಲಿಸಿ ಅದನ್ನೇ ನೋಡುತ್ತಿದ್ದರು. ಆಗ ನಮ್ಮ ಟಾಂಡೇಲ್ ಗಂಭೀರವಾಗಿ, ‘ಮಾಸ್ತರ್, ಸಂಭಾಲ್ಕೆ, ಬೋಟ್ ಛೂಟ್ ರಹೀ ಹೈ’ ಎಂದು, ಬೋಟು ಹೊರಟೇಬಿಟ್ಟಿತೆನ್ನುವ ಹಾಗೆ ಎಚ್ಚರಿಸುತ್ತಿದ್ದ. ಎಲ್ಲರೂ ನಕ್ಕರೂ ಮಾಸ್ತರರು ನಗುತ್ತಿರಲಿಲ್ಲ.

ಮೊದಲ ಮಂಗಳವಾರ ಟಾಂಡೇಲನೇ ಕೇಳಿದ: ಸುತ್ತಲೂ ಇಷ್ಟು ನೀರು ಇಟ್ಟುಕೊಂಡು ನಾವು ಬೆಂಕಿಗೆ ಯಾಕೆ ಹೆದರಬೇಕು? ಮಾಸ್ತರರು ತಗಡಿನ ತಟ್ಟೆಯಲ್ಲಿ ಡೀಸೆಲ್ ಉರಿಸಿ, ಅದು ಚೆನ್ನಾಗಿ ಕಾಯುವವರೆಗೆ ಬಿಟ್ಟು, ನಮ್ಮನ್ನೆಲ್ಲ ಹಿಂದಕ್ಕೆ ಸರಿಸಿ, ಉದ್ದನೆಯ ಬಿದಿರಿಗೆ ಕಟ್ಟಿದ ತಂಬಿಗೆಯಿಂದ ನೀರು ಸುರಿದರು. ಒಂದೇ ತಂಬಿಗೆ. ಬೆಂಕಿ ಆರಲಿಲ್ಲ. ಅದು ಎದ್ದು ನಿಂತಿತು. ಬೋಟಿನ ಮಾಳಿಗೆಯನ್ನೂ ದಾಟಿ ಕಿತ್ತಳೆ ಬಣ್ಣದ ಕಂಬವೊಂದು ಒಂದು ಕ್ಷಣ ಆಕಾಶದಲ್ಲಿ ನಿಂತು, ಮಾಯವಾಯಿತು. ನನ್ನ ಕೆನ್ನೆಯ ಮೇಲೆ ಯಾರೋ ಅಂಗೈ ಇಟ್ಟು ತೆಗೆದಂತಾಯಿತು. ಆ ದಿನದ ಪುಟದಲ್ಲಿ ನಾನು ಬರೆದದ್ದು ‘ನೀರು ಬೇಡ’ ಎಂಬ ಎರಡೇ ಮಾತು.

ಎರಡನೆಯ ಮಂಗಳವಾರ ನಡೆದದ್ದನ್ನು ನೆನೆದರೆ ಇವತ್ತಿಗೂ ನಗು ಬರುತ್ತದೆ. ಮಾಸ್ತರರು ನಮ್ಮನ್ನು ಜಾಗಕ್ಕೆ ಹಚ್ಚಿದ್ದರು. ಟಾಂಡೇಲ್ ಡೀಸೆಲ್ಲಿನ ನಲ್ಲಿಯ ಹತ್ತಿರ, ಡ್ರೈವರಣ್ಣ ಮುಚ್ಚಳದ ಹತ್ತಿರ, ನಾನು ಬ್ಲೋವರಿನ ಸ್ವಿಚ್ಚಿನ ಹತ್ತಿರ. ಬ್ಲೋವರ್ ಎಂದರೆ ಎಂಜಿನ್ ಕೋಣೆಗೆ ಹೊರಗಿನ ಗಾಳಿ ನೂಕುವ ಫ್ಯಾನು. ಬೆಂಕಿ ಹಚ್ಚುವ ಮೊದಲೇ ಅದನ್ನು ನಿಲ್ಲಿಸಿದ್ದರು. ನಿಲ್ಲಿಸಿದ್ದನ್ನು ಹಾಗೆಯೇ ಕಾಯುವುದಷ್ಟೇ ನನ್ನ ಕೆಲಸ. ತಾವು ಕೂಗಿದ್ದನ್ನು ಕೂಡಲೇ ಮಾಡಬೇಕು, ನಿಂತು ಯೋಚಿಸಬಾರದು ಎಂದು ಮೂರು ಸಲ ಹೇಳಿದ್ದರು. ಬೆಂಕಿ ಹತ್ತಿತು. ಹೊಗೆ ಕವಿಯಿತು, ಯಾರು ಎಲ್ಲಿದ್ದೇವೆಂದು ಕಾಣದಾಯಿತು. ಮಾಸ್ತರರು ಎಂದಿನಂತೆ ಕನ್ನಡಕ್ಕೆ ಇಳಿದು, ‘ಹಾಕ್ರಿ! ಲಗೂ ಹಾಕ್ರಿ!’ ಎಂದು ಕೂಗಿದರು.

ಡ್ರೈವರಣ್ಣ ಮುಚ್ಚಳ ಹಾಕಿದರು. ನಾನು ಫ್ಯಾನು ಹಾಕಿದೆ.

ಮುಚ್ಚಿದ ಕೋಣೆಯೊಳಕ್ಕೆ ಭರ್ರೆಂದು ಗಾಳಿ ನುಗ್ಗಿತು. ಬೆಂಕಿ ಪಕ್ಕದ ಗಾಳಿಕೊಳವೆಯಿಂದ ನಾಲಗೆಯಂತೆ ಹೊರಗೆ ಚಾಚಿತು. ಆ ಕೊಳವೆಯ ಮುಂದೆಯೇ ಮಾಸ್ತರರು ನಿಂತಿದ್ದರು. ಅವರೇ ಹಾರಿ ಬಂದು ಸ್ವಿಚ್ಚು ತಿರುಗಿಸಿದರು. ಹೊಗೆ ತಿಳಿಯಾದಾಗ ನೋಡಿದರೆ ಮೀಸೆಯ ಎಡಗಡೆಯ ಅರ್ಧ ಇರಲಿಲ್ಲ. ಅವರು ಬೆರಳಿನಿಂದ ಅಲ್ಲಿ ಮುಟ್ಟಿ ನೋಡಿಕೊಂಡರು. ಬೆರಳಿಗೆ ಕಪ್ಪು ಪುಡಿ ಹತ್ತಿತು. ಹೊಡೆಯುತ್ತಾರೆಂದೇ ನಾನು ಕಾದು ನಿಂತೆ.

‘ನಾ ಏನಂದೆ?’

‘ಹಾಕ್ರಿ ಅಂದ್ರಿ ಸಾರ್.’

‘ನೀ ಏನ್ ಮಾಡಿದಿ?’

‘ಫ್ಯಾನ್ ಹಾಕಿದೆ.’

ಅವರು ಡ್ರೈವರಣ್ಣನ ಕಡೆ ತಿರುಗಿದರು. ‘ನಾನು ಮುಚ್ಚಳ ಹಾಕಿದ್ದು ಮಾರಾಯ್ರೆ. ನೀವು ಹಾಕಿ ಅಂತ ಹೇಳಿದ್ದಲ್ಲವಾ?’ ಎಂದರು ಡ್ರೈವರಣ್ಣ.

ಮಾಸ್ತರರು ಒಂದು ಬಕೆಟ್ ಬೋರಲು ಮಾಡಿ ಅದರ ಮೇಲೆ ಕೂತರು. ಆಮೇಲೆ ನಗಲು ಶುರು ಮಾಡಿದರು. ನಗು ಹಾಗೇ ನಿಂತುಹೋಯಿತು. ಬಾಗಿಲು ಹಾಕು ಎಂದರೆ ಮುಚ್ಚುವುದು, ದೀಪ ಹಾಕು ಎಂದರೆ ಹಚ್ಚುವುದು. ಈ ಮಾತಿನಲ್ಲಿ ಹೀಗೊಂದು ಗುಂಡಿ ಇದೆಯೆಂದು ನಾವು ಯಾರೂ ಅದುವರೆಗೆ ನೋಡಿರಲಿಲ್ಲ. ಅವರು ಟಾಂಡೇಲನನ್ನು ಕರೆದು, ಮರಾಠಿಯಲ್ಲಿ ನೀನು ಏನೆನ್ನುತ್ತಿದ್ದೆ ಎಂದು ಕೇಳಿದರು. ಅವನು ಸ್ವಲ್ಪ ಯೋಚಿಸಿ, ‘ಝಾಕಣ ಲಾವ್’ ಎಂದ. ಮುಚ್ಚಳ ಹಾಕು. ಫ್ಯಾನಿಗೆ? ‘ಪಂಖಾ ಲಾವ್.’ ಹಾಗೆಂದವನೇ ತಾನೇ ಬೆಚ್ಚಿದವನಂತೆ ಮೆಲ್ಲಗೆ, ‘ಆಗ್ ಲಾವ್’ ಎಂದ. ಬೆಂಕಿ ಹಚ್ಚುವುದಕ್ಕೂ ಅದೇ ಮಾತು. ಹಿಂದಿಯಲ್ಲೂ ಬಾಗಿಲು ಲಗಾವ್, ಪಂಖಾ ಲಗಾವ್, ಆಗ್ ಲಗಾವ್. ನಮ್ಮ ಬೋಟುಗಳ ಮೂರು ಭಾಷೆಗಳೂ ಮುಚ್ಚುವುದಕ್ಕೂ ಹಚ್ಚುವುದಕ್ಕೂ ಒಂದೇ ಮಾತು ಇಟ್ಟುಕೊಂಡಿದ್ದವು.

‘ಇಷ್ಟ್ ವರ್ಷ ಬೆಂಕಿ ಮುಂದ ನಿಂತು ಹಾಕ್ರಿ ಹಾಕ್ರಿ ಅಂತ ಒದರೀನಿ,’ ಎಂದರು ಮಾಸ್ತರರು. ‘ಯಾರ್ಯಾರ್ ಏನೇನ್ ಹಾಕ್ಯಾರೋ...’

ಅಂದಿನಿಂದ ಆ ಕೆಸರು ದಂಡೆಯಲ್ಲಿ ‘ಹಾಕು’ ಎಂಬ ಮಾತಿಗೆ ನಿಷೇಧ ಬಿತ್ತು. ಒಂದೇ ಒಂದು ಮಾತು ಉಳಿಯಿತು: ಬಂದ್. ಮುಚ್ಚಳ ಬಂದ್, ಫ್ಯಾನು ಬಂದ್, ಡೀಸೆಲ್ ಬಂದ್. ಮುಂಬಯಿಯಲ್ಲಿ ಆ ಮಾತು ಗೊತ್ತಿಲ್ಲದ ಮಗುವೂ ಇರಲಿಲ್ಲ. ಬಂದ್ ಎಂದು ಕೂಗಿದರೆ ನಮ್ಮ ಕಡೆಯ ಹುಡುಗರು ಯಾರು ಬಂದದ್ದು ಎಂದು ತಿರುಗಿ ನೋಡಿಯಾರು ಎಂದು ಡ್ರೈವರಣ್ಣ ಅಡ್ಡ ಹೇಳಿದರು. ‘ಯಮ ಬಂದಾನ ಅಂತ ಹೇಳು, ಲಗೂ ಮುಚ್ತಾರ,’ ಎಂದರು ಮಾಸ್ತರರು, ಇದ್ದ ಅರ್ಧ ಮೀಸೆ ತೀಡುತ್ತ. ಚಹಾದ ಹೊತ್ತಿನಲ್ಲೂ ಸಕ್ಕರೆ ಹಾಕು ಎನ್ನುವಂತಿರಲಿಲ್ಲ. ಸಕ್ಕರೆ ಬೆರೆಸು ಎನ್ನಬೇಕು. ತಪ್ಪಿದವನು ಮರಳು ತುಂಬಿದ ಬಕೆಟ್ ಹೊತ್ತು ಬೋಟಿಗೆ ಒಂದು ಸುತ್ತು ಬರಬೇಕು. ಆ ಅಭ್ಯಾಸ ನನ್ನ ಜೊತೆ ಮನೆಗೂ ಬಂತು. ಅಮ್ಮ ಬಾಗಿಲು ಹಾಕೋ ಎಂದರೆ ಒಂದು ಗಳಿಗೆ ಸುಮ್ಮನೆ ನಿಂತಿರುತ್ತಿದ್ದೆ.

ಮೂರನೆಯ ಮಂಗಳವಾರ ಅವರು ಮೀಸೆಯನ್ನು ಪೂರ್ತಿ ಬೋಳಿಸಿಕೊಂಡು ಬಂದಿದ್ದರು. ಮುಖವೇ ಬೇರೆಯಾಗಿತ್ತು. ಯಾರಿಗೂ ತಮಾಷೆ ಮಾಡುವ ಧೈರ್ಯ ಬರಲಿಲ್ಲ.

ಅಂದು ಅವರು ಹೇಳಿದ್ದು ಇಷ್ಟು. ಮುಚ್ಚುವುದು ಸುಲಭ, ತೆಗೆಯದೆ ಇರುವುದು ಕಷ್ಟ. ಹೋಯಿತೋ ಇಲ್ಲವೋ ಎಂದು ಇಣುಕಿ ನೋಡುವುದು ಮನುಷ್ಯನ ಚಟ, ಆ ಚಟಕ್ಕೆ ಬೆಂಕಿ ಒಳಗೆ ಕಾಯುತ್ತ ಕೂತಿರುತ್ತದೆ. ಅದನ್ನು ತೋರಿಸಲು ಎಂಜಿನ್ ಕೋಣೆಯಲ್ಲಿ ಬೆಂಕಿ ಮಾಡಿ, ಮುಚ್ಚಿ, ನಾವೆಲ್ಲ ಆರಿತು ಎಂದುಕೊಂಡ ಹೊತ್ತಿಗೆ ದೂರದಿಂದ ಕೊಕ್ಕೆಯಲ್ಲಿ ಮುಚ್ಚಳವನ್ನು ಒಂದು ಗೇಣು ಎತ್ತಿದರು. ಒಳಗೆ ಕತ್ತಲು. ಆ ಕತ್ತಲು ಒಮ್ಮೆ ಉಸಿರೆಳೆದುಕೊಂಡಿತು. ಆ ಸದ್ದನ್ನು ನಾನು ಕೇಳಿದ್ದೇನೆ. ಮರುಕ್ಷಣ ಬೆಂಕಿ ಹೊರಕ್ಕೆ ಹಾರಿತು.

ಕೊಕ್ಕೆಯಿಂದಲೇ ಮುಚ್ಚಳವನ್ನು ಮತ್ತೆ ಕೆಡವಿದರು. ನೀರಿನಲ್ಲಿ ಅದ್ದಿದ ಗೋಣಿಚೀಲಗಳನ್ನು ಎರಡು ಪದರ ಮಾಡಿ ಅದರ ಮೇಲೆ ಹಾಸಿದರು. ಆಮೇಲೆ, ಕಟ್ಟೆಯ ಮೇಲೆ ಕೂರುವವರ ಹಾಗೆ ಹೋಗಿ ಅದರ ಮೇಲೆ ಕೂತುಬಿಟ್ಟರು.

ಕೆಳಗೆ ಬೆಂಕಿ ಇತ್ತು. ಈಗ ತಾನೇ ನಾವದನ್ನು ನೋಡಿದ್ದೆವು. ಹಲಗೆಯ ಅಡಿಯಿಂದ ಟಪ್ ಟಪ್ ಎಂದು ಸಿಡಿಯುವ ಸದ್ದು ಬರುತ್ತಿತ್ತು. ಗೋಣಿಯಿಂದ ಹಬೆ ಎದ್ದು ಅವರ ಸೊಂಟ, ಭುಜ ಸುತ್ತಿಕೊಂಡು ಮೇಲೇರುತ್ತಿತ್ತು. ಆ ವಾಸನೆ ನನಗೆ ಮೊದಲು ಬಂದದ್ದು ಆಗಲೇ. ಮಾಸ್ತರರು ಕಾಲ ಮೇಲೆ ಕಾಲು ಇಟ್ಟುಕೊಂಡು, ಮಗಳನ್ನು ನೋಡಲು ಗಂಡಿನವರು ಬಂದ ಕತೆ ಹೇಳಲು ಶುರು ಮಾಡಿದರು. ಹುಡುಗ ಗದಗಿನವನು. ಉಪ್ಪಿಟ್ಟು ತಿಂದ, ಚಹಾ ಕುಡಿದ, ಒಂದೂ ಮಾತಾಡಲಿಲ್ಲ. ಏಳುವ ಹೊತ್ತಿಗೆ ಒಂದೇ ಪ್ರಶ್ನೆ ಕೇಳಿದ: ಮುಂಬಯಿಯಲ್ಲಿ ಬೆಳೆದವಳು, ರೊಟ್ಟಿ ಬಡಿಯಲು ಬರುತ್ತದೆಯೇ? ಮಗಳು ತಲೆ ತಗ್ಗಿಸಿಕೊಂಡೇ, ‘ಬಡೀಲಿಕ್ಕ ಬರ್ತದ್ರಿ. ರೊಟ್ಟಿನೇ ಆಗಬೇಕಂತಿಲ್ಲ,’ ಎಂದಳಂತೆ. ನಾವು ನಕ್ಕೆವು. ಬೆಂಕಿ ಮರೆತೇ ಹೋಗಿತ್ತು. ಆಮೇಲೆ ಏನಾಯಿತು ಎಂದು ಡ್ರೈವರಣ್ಣ ಕೇಳಿದಾಗ ಮಾಸ್ತರರು ಗೋಣಿಯನ್ನು ಸರಿಸಿ, ಹಲಗೆಗೆ ಅಂಗೈಯ ಹಿಂಬದಿ ತಾಗಿಸಿ, ಎದ್ದು, ಮುಚ್ಚಳ ತೆಗೆದರು. ಒಳಗೆ ಬರೀ ಮಸಿ.

ನಾನು ದೇವರಲ್ಲಿ ಅಷ್ಟಾಗಿ ನಂಬಿಕೆ ಇದ್ದವನಲ್ಲ. ಆದರೆ ಆ ಮಧ್ಯಾಹ್ನ, ಹಬೆಯ ನಡುವೆ ಕೂತು ಮಗಳ ಮಾತು ಆಡುತ್ತಿದ್ದ ಆ ಬೋಳು ಮುಖವನ್ನು ನೋಡುತ್ತ ಕೈ ಮುಗಿಯಬೇಕೆನಿಸಿತ್ತು. ಮುಗಿಯಲಿಲ್ಲ, ಟಾಂಡೇಲ್ ಪಕ್ಕದಲ್ಲಿದ್ದ. ತಿರುಗಿ ನೋಡಿದರೆ ಅವನೇ ತಲೆಯ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದಿದ್ದ.

ನಾಲ್ಕನೆಯ ಮಂಗಳವಾರ ಕೂರುವ ಸರದಿ ನಮ್ಮದು. ನಾನು ಕೂತೆ. ಏಳಲಿಲ್ಲ ಎಂಬುದನ್ನು ಬಿಟ್ಟು ಬೇರೇನೂ ನೆನಪಿಲ್ಲ...

ಮರುವರ್ಷ ಮಳೆಗಾಲ ಮುಗಿದ ಮೇಲೆ, ಒಂದು ಬೆಳಿಗ್ಗೆ, ಮೂವತ್ತೆರಡು ಕೂಲಿಗಳನ್ನು ಹತ್ತಿಸಿಕೊಂಡು ಧಕ್ಕೆ ಬಿಟ್ಟೆವು. ಧಕ್ಕೆಗೂ ಹಡಗಿಗೂ ಅರ್ಧ ದಾರಿಯಲ್ಲಿ ಡೀಸೆಲ್ಲಿನ ಒಂದು ಸಣ್ಣ ಪೈಪು ಬಿರಿದು, ಕಾದ ಕಬ್ಬಿಣದ ಮೇಲೆ ಎಣ್ಣೆ ಚಿಮ್ಮಿ ಹತ್ತಿಕೊಂಡಿತು. ಡ್ರೈವರಣ್ಣ ಕೆಮ್ಮುತ್ತ ಎಂಜಿನ್ ಕೋಣೆಯಿಂದ ಮೇಲೆ ಬಂದರು; ಅವರ ಹಿಂದೆಯೇ ಹೊಗೆ ಬಂತು. ಟಾಂಡೇಲ್ ಚುಕ್ಕಾಣಿಯಿಂದ ಒಂದೇ ಮಾತು ಕೂಗಿದ. ‘ಬಂದ್!’

ಮುಚ್ಚಳ ಬಂದ್. ಡೀಸೆಲ್ ಬಂದ್. ನನ್ನ ಕೈ ಬ್ಲೋವರಿನ ಸ್ವಿಚ್ಚನ್ನು ಯಾವಾಗ ತಿರುಗಿಸಿತೋ ನನಗೆ ತಿಳಿಯಲಿಲ್ಲ.

ಅಷ್ಟು ಹೊತ್ತು ಬಡಿಯುತ್ತಿದ್ದ ಎಂಜಿನ್ ನಿಂತು, ನೀರಿನ ಸದ್ದು ಕೇಳತೊಡಗಿತು. ಲಾಂಚು ಇಳಿತದ ಜೊತೆ ತೇಲತೊಡಗಿತು. ಕೂಲಿಗಳು ಎದ್ದು ಒಂದೇ ಬದಿಗೆ ನುಗ್ಗಿದರು, ಬೋಟು ವಾಲಿತು. ಟಾಂಡೇಲ್ ಬೈದು ಕೂರಿಸಿದ. ಕೂಲಿಗಳ ಮೇಸ್ತ್ರಿಯಾದ ಮುಕಾದಮನು ಬಕೆಟ್ಟಿಗೆ ಹಗ್ಗ ಕಟ್ಟಿ ಸಮುದ್ರದಿಂದ ನೀರೆತ್ತಿ, ಮುಚ್ಚಳ ತೆಗೆಯಿರಿ, ಸುರಿಯುತ್ತೇನೆ ಎಂದು ಬಂದ. ಅವನದು ತಪ್ಪಲ್ಲ. ಸುತ್ತ ನೀರೇ ನೀರು, ಕಾಲಡಿಯಲ್ಲಿ ಬೆಂಕಿ, ಅದರ ಮೇಲೆ ಒಂದು ಹನಿ ಬಿಡಲೊಲ್ಲದ ಮೂವರು. ಯಾರಿಗಾದರೂ ನಮಗೆ ಹುಚ್ಚೆಂದೇ ಅನಿಸಬೇಕು. ಅವನು ಒಮ್ಮೆ ಆ ಹಲಗೆ ಎತ್ತಿದ್ದರೆ... ಈ ಬರಹ ಇರುತ್ತಿರಲಿಲ್ಲ.

ನಾನು ಅವನ ಕೈಯಿಂದ ಬಕೆಟ್ ಕಿತ್ತು ಗೋಣಿಗಳನ್ನು ಅದರಲ್ಲಿ ಅದ್ದಿ ಮುಚ್ಚಳದ ಮೇಲೆ ಹಾಸಿದೆ. ಡ್ರೈವರಣ್ಣ ಅದರ ಮೇಲೆ ಕೂತರು. ಅವರ ಪಕ್ಕದಲ್ಲಿ ನಾನು. ಬಿಸಿ ಗೋಣಿಯನ್ನು ದಾಟಿ, ಪ್ಯಾಂಟನ್ನು ದಾಟಿ ಬಂತು. ಹಬೆ ಎದ್ದಿತು. ಹಲಗೆಯ ಕೆಳಗೆ ಅದೇ ಟಪ್ ಟಪ್. ಮುಕಾದಮ ನನ್ನ ಕಾಲರು ಹಿಡಿದು ಎಬ್ಬಿಸಲು ಜಗ್ಗಿದ. ಅವನ ಹಿಂದೆ ಇನ್ನೂ ನಾಲ್ಕೈದು ಜನ.

ಡ್ರೈವರಣ್ಣ ಆಗ, ಯಾರ ಕಡೆಗೂ ನೋಡದೆ, ಕೆಮ್ಮಿನ ನಡುವೆ ಮಾತು ಶುರು ಮಾಡಿದರು. ತನ್ನ ಮಗಳನ್ನು ನೋಡಲಿಕ್ಕೆ ಗದಗಿನಿಂದ ಗಂಡಿನವರು ಬಂದಿದ್ದರು. ಹುಡುಗ ಉಪ್ಪಿಟ್ಟು ತಿಂದದ್ದು, ಚಹಾ ಕುಡಿದದ್ದು, ಒಂದೂ ಮಾತಿಲ್ಲ. ಡ್ರೈವರಣ್ಣನಿಗೆ ಮದುವೆಯೇ ಆಗಿರಲಿಲ್ಲ. ಅವರ ಮನೆಯಲ್ಲಿ ಜೋಳದ ರೊಟ್ಟಿ ಎಂಬುದನ್ನು ಯಾರೂ ಮಾಡಿದವರಲ್ಲ. ಆದರೂ ಮಾಸ್ತರರು ಹೇಳಿದ್ದನ್ನೆಲ್ಲ ಒಂದು ಮಾತೂ ಬಿಡದೆ ಉಡುಪಿಯ ಕನ್ನಡದಲ್ಲಿ ಹೇಳುತ್ತ ಹೋದರು. ಕೂಲಿಗಳಲ್ಲಿ ಗುಲ್ಬರ್ಗದ ಕಡೆಯ ಏಳೆಂಟು ಜನ ಇದ್ದರು. ಮುಕಾದಮನ ಹಿಂದೆ ನಿಂತಿದ್ದ ಒಬ್ಬ ಮುದುಕ ಕಿವಿಗೊಟ್ಟ. ‘ಬಡೀಲಿಕ್ಕೆ ಬರ್ತದೆ, ರೊಟ್ಟಿಯೇ ಆಗಬೇಕಂತ ಇಲ್ಲ,’ ಎಂಬಲ್ಲಿಗೆ ಬಂದಾಗ ಅವನಿಗೆ ನಗು ತಡೆಯಲಾಗಲಿಲ್ಲ. ಉಳಿದವರು ಏನು ಏನು ಎಂದರು. ಅವನು ಅದನ್ನು ಹಿಂದಿಯಲ್ಲಿ ಹೇಳಹೋಗಿ ಸೋತು, ಕೈಯಿಂದ ಬಡಿದು ತೋರಿಸಿದ. ನನ್ನ ಕಾಲರಿನ ಮೇಲಿದ್ದ ಹಿಡಿತ ಸಡಿಲವಾಯಿತು.

‘ಆಮ್ಯಾಲ? ಹುಡುಗ ಒಪ್ಪಿದ್ನೋ ಇಲ್ಲೋ?’ ಎಂದು ಮುದುಕ ಕೇಳಿದ.

‘ಕೂತುಕೊಳ್ಳಿ ಅಜ್ಜ, ಹೇಳುವ,’ ಎಂದರು ಡ್ರೈವರಣ್ಣ. ಮುದುಕ ಕೂತ. ಒಬ್ಬೊಬ್ಬರಾಗಿ ಉಳಿದವರೂ ಕೂತರು. ಮಾಸ್ತರರು ಹೇಳಿದ್ದ ಕತೆ ಅಲ್ಲಿಗೇ ಮುಗಿದಿತ್ತು. ಅಲ್ಲಿಂದ ಮುಂದಿನದನ್ನು ಡ್ರೈವರಣ್ಣ ಸ್ವಂತವಾಗಿ ಕಟ್ಟಿದರು. ಹುಡುಗನ ತಾಯಿ ಬಂದಳು, ಸೋದರಮಾವ ಬಂದ, ಜಾತಕ ಬಂತು. ಇನ್ನೊಂದು ಲಾಂಚು ಬಂದು ನಮಗೆ ಹಗ್ಗ ಎಸೆಯುವ ಹೊತ್ತಿಗೂ ಮದುವೆ ನಿಶ್ಚಯವಾಗಿರಲಿಲ್ಲ.

ಧಕ್ಕೆಗೆ ಕಟ್ಟಿದ ಮೇಲೂ ನಾವಿಬ್ಬರು ಏಳಲಿಲ್ಲ. ಇಳಿಯುವ ತಲೆಗಳನ್ನು ನಾನು ಕೂತಲ್ಲಿಂದಲೇ ಎಣಿಸಿದೆ. ಯಾರೋ ಧಾರಾವಿಯ ಚಾಳಿನ ಮನೆಗೆ ಹೋಗಿ ಮಾಸ್ತರರಿಗೆ ಸುದ್ದಿ ಮುಟ್ಟಿಸಿದರು. ಅವರು ಸ್ಟೇಷನ್ನಿನಿಂದ ಓಡಿಕೊಂಡೇ ಬಂದಿರಬೇಕು, ಅಂಗಿ ಬೆನ್ನಿಗೆ ಅಂಟಿತ್ತು. ಧಕ್ಕೆಯ ಅಂಚಿಗೆ ಬಂದು, ಕಲ್ಲಿಗೂ ಬೋಟಿಗೂ ನಡುವೆ ಏಳುತ್ತ ಬೀಳುತ್ತ ಇದ್ದ ನೀರನ್ನು ನೋಡಿ ನಿಂತರು. ಟಾಂಡೇಲ್ ಅಂದು ತಮಾಷೆ ಮಾಡಲಿಲ್ಲ. ಕೈ ಚಾಚಿದ. ಅದನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿಕೊಂಡು ಮಾಸ್ತರರು ಒಂದು ಹೆಜ್ಜೆ ದಾಟಿದರು. ತೇಲುವ ಬೋಟಿನ ಮೇಲೆ ಅವರು ಇಟ್ಟ ಮೊದಲ ಹೆಜ್ಜೆ ಅದು.

‘ಎಷ್ಟ್ ಮಂದಿ ಹತ್ತಿದ್ರು?’ ಎಂದು ನನ್ನನ್ನು ಕೇಳಿದರು.

‘ಮೂವತ್ತೆರಡು.’

‘ಇಳದವ್ರು?’

‘ಮೂವತ್ತೆರಡು ಸಾರ್.’

‘ಯಾರೂ ತಗೀಲಿಲ್ಲ?’

ಇಲ್ಲವೆಂದು ತಲೆಯಾಡಿಸಿದೆ. ಅವರು ನಮ್ಮಿಬ್ಬರನ್ನು ಎಬ್ಬಿಸಿದರು, ಹಲಗೆಗೆ ಕೈ ತಾಗಿಸಿ ನೋಡಿದರು, ತಾವೇ ಅದರ ಮೇಲೆ ಕೂತರು. ನೀರಿನ ಕಡೆಗೆ ಮುಖ ಮಾಡಿ ಕೂತಿದ್ದರು. ಆ ದಿನ ಅವರು ಯಾವ ಕತೆಯನ್ನೂ ಹೇಳಲಿಲ್ಲ. ಮಸಿ ಹತ್ತಿದ ಕೈಯಲ್ಲಿ ಕಣ್ಣೊರೆಸಿಕೊಂಡದ್ದರಿಂದ ಮುಖದ ಮೇಲೆ ಅಡ್ಡಕ್ಕೆ ಒಂದು ಕಪ್ಪು ಗೆರೆ ಬಿತ್ತು.

ಅದಾಗಿ ಎರಡು ವರ್ಷಕ್ಕೆ ಅವರು ತೀರಿಕೊಂಡರು. ಎದೆಯ ಕಾಯಿಲೆ. ನಾನು ಆಗ ರಜೆಯಲ್ಲಿ ಊರಿಗೆ ಹೋಗಿದ್ದೆ. ಸುದ್ದಿ ತಿಳಿದದ್ದು ತಿಥಿಯೆಲ್ಲ ಮುಗಿದ ಮೇಲೆ. ಅಷ್ಟರಲ್ಲಿ ಅವರ ಮನೆಯವರು ಗೋರೆಗಾಂವ್‌ನ ಮಗಳ ಮನೆಗೆ ಹೋಗಿದ್ದರು. ವಿಳಾಸ ಹುಡುಕಿಕೊಂಡು ಒಂದು ಭಾನುವಾರ ಹೋದೆ. ಬಾಗಿಲು ತೆರೆದವಳು ಮಗಳು. ನಾನು ಲಾಂಚಿನವನು ಎಂದು ಹೇಳಿದ ಕೂಡಲೇ, ‘ನನ್ನ ರೊಟ್ಟಿ ಕತಿ ಕೇಳಿದವರೊಳಗ ನೀವೂ ಒಬ್ರೇನು?’ ಎಂದು ಸೋತವಳಂತೆ ಕೇಳಿದಳು. ಮುಂಬಯಿಯ ಅರ್ಧ ಬೋಟುಗಳಿಗೆ ಆ ಕತೆ ಗೊತ್ತಿತ್ತು. ಅವಳ ಗಂಡ ಒಳಗಿನಿಂದ ನಕ್ಕದ್ದು ಕೇಳಿಸಿತು. ಅವನು ಗದಗಿನವನಲ್ಲ.

ಮಾಸ್ತರರ ಹೆಂಡತಿ ನನ್ನನ್ನು ಕೂರಿಸಿ ಮಾತಾಡಿದರು. ಮಾಸ್ತರರು ಹಾಗೆ ಮುಚ್ಚಳದ ಮೇಲೆ ಕೂರುವುದನ್ನು ನೋಡಿ ನಾವೆಲ್ಲ ಬೆರಗಾಗಿದ್ದೆವು, ಅವರಿಗೆ ಭಯವೆಂಬುದೇ ಇರಲಿಲ್ಲ ಎಂದು ನಾನು ಹೇಳಿದೆ. ಆಕೆ ನನ್ನ ಮುಖವನ್ನೇ ನೋಡಿದರು.

‘ಭಯ ಇರಲಿಲ್ಲಂತ ಯಾರ್ ಹೇಳಿದ್ರಪಾ ನಿನಗ?’

ಸೋಮವಾರ ರಾತ್ರಿ ಅವರು ಊಟ ಮಾಡುತ್ತಿರಲಿಲ್ಲವಂತೆ. ಮಂಗಳವಾರ ಸಂಜೆ ಬಂದವರು ಬಟ್ಟೆ ಸಮೇತ ಚಾಳಿನ ನಲ್ಲಿಯ ಕೆಳಗೆ ಕುಕ್ಕರುಗಾಲಲ್ಲಿ ಕೂತುಬಿಡುತ್ತಿದ್ದರಂತೆ. ಕೈ ನಡುಗುವುದು ನಿಲ್ಲುವವರೆಗೆ ಆಕೆ ಚಹಾದ ಕಪ್ಪು ಕೊಡುತ್ತಿರಲಿಲ್ಲ. ಎಷ್ಟೋ ಸಲ ಜಗಳವಾಡಿದ್ದರು. ಬಾಯಲ್ಲಿ ಹೇಳಿಕೊಡಿ, ನೀವೇ ಯಾಕೆ ಅದರ ಮೇಲೆ ಕೂರಬೇಕು ಎಂದು. ಅದಕ್ಕೆ ಅವರು ಹೇಳಿದ್ದನ್ನು ಆಕೆ ಅವರ ಧಾಟಿಯಲ್ಲೇ ನನಗೆ ಹೇಳಿದರು.

‘ನಾ ಎದ್ರ ಅವರೂ ಏಳ್ತಾರ.’

ಬರುವಾಗ ಲೋಕಲ್ಲಿನಲ್ಲಿ ಬಾಗಿಲ ಹತ್ತಿರ ನಿಂತು ಬಂದೆ. ಆ ದಿನದ ಪುಟದಲ್ಲಿ ತಾರೀಖು ಬಿಟ್ಟರೆ ಏನೂ ಇಲ್ಲ.

ಈಗ ಆ ಕ್ಲಾಸು ಇಲ್ಲ. ಕೆಸರು ದಂಡೆಯ ಹಳೆಯ ಒಡಲನ್ನು ಗುಜರಿಯವರು ಬಿಚ್ಚಿಕೊಂಡು ಹೋದರು. ಡ್ರೈವರಣ್ಣ ಊರು ಸೇರಿದರು, ಅವರ ಜಾಗದಲ್ಲಿ ಈಗ ನಾನಿದ್ದೇನೆ. ಹೊಸ ಖಲಾಸಿಗಳು ಬಂದಾಗ, ಮಾಲೀಕರ ಅಪ್ಪಣೆ ಪಡೆದು, ದಂಡೆಯ ಮೇಲೆ ಒಂದು ಕಬ್ಬಿಣದ ಪೆಟ್ಟಿಗೆಯೊಳಗೆ ಬೆಂಕಿ ಮಾಡಿ, ಹಲಗೆ ಮುಚ್ಚಿ, ನಾನೇ ಮೊದಲು ಕೂರುತ್ತೇನೆ. ನನ್ನ ಕೈಯೂ ನಡುಗುತ್ತದೆ. ಅದನ್ನು ತೊಡೆಯ ಕೆಳಗೆ ಇಟ್ಟುಕೊಳ್ಳುತ್ತೇನೆ. ಅವರು ಎಲ್ಲಿ ಇಟ್ಟುಕೊಳ್ಳುತ್ತಿದ್ದರೋ ಗಮನಿಸಿರಲಿಲ್ಲ.

ಒಂದು ಮಾತು ಅವರನ್ನು ಕೇಳದೇ ಉಳಿದುಹೋಯಿತು. ಏಳುವ ಹೊತ್ತಾಯಿತು ಎಂದು ಅವರಿಗೆ ಹೇಗೆ ತಿಳಿಯುತ್ತಿತ್ತು? ಹಲಗೆಗೆ ಅಂಗೈಯ ಹಿಂಬದಿ ತಾಗಿಸುತ್ತಿದ್ದರು, ಅದು ಗೊತ್ತು. ನಾನೂ ತಾಗಿಸುತ್ತೇನೆ. ಎಷ್ಟು ಬಿಸಿ ಇದ್ದರೆ ಇನ್ನೂ ಇದೆ, ಎಷ್ಟಕ್ಕೆ ಇಳಿದರೆ ಹೋಯಿತು... ಅದು ನನ್ನ ಕೈಗೆ ಇನ್ನೂ ತಿಳಿದಿಲ್ಲ. ಹೇಳುವವರು ಈಗ ಇಲ್ಲ. ಹುಡುಗರು ಬೇಸತ್ತು, ನಾನು ಎದ್ದರೆ ಸಾಕೆಂದು, ‘ಬಸ್ ಹೋಗಯಾ ಡ್ರೈವರ್ ಸಾಬ್, ಅಬ್ ಉಠೋ ನಾ’ ಎನ್ನುತ್ತಾರೆ. ಆಯಿತು ಎನ್ನುತ್ತೇನೆ. ಹಾಗೆಂದು ಇನ್ನೂ ಸ್ವಲ್ಪ ಹೊತ್ತು ಕೂತೇ ಇರುತ್ತೇನೆ.